ಚುಕ್ಕಿಯ ಬಾಯಿಯ ಹಣ್ಣಿನ ವಾಸನೆ

ಪಶು ಆಸ್ಪತ್ರೆಯಲ್ಲಿ ಚೇತನಕುಮಾರನ ಕೆಲಸ ದನಗಳ ಹಗ್ಗ ಹಿಡಿಯುವುದು, ಸಿರಿಂಜು ತೊಳೆಯುವುದು. ಗುತ್ತಿಗೆ ನೌಕರ. ಆದರೂ ತಿಕೋಟಾದ ಶಂಕ್ರೆವ್ವ ಅವನನ್ನು "ಡಾಕ್ಟರಪ್ಪಾ" ಎಂದೇ ಕರೆಯುತ್ತಿದ್ದಳು. ಅವನೂ ಒಮ್ಮೆಯೂ ತಿದ್ದಿರಲಿಲ್ಲ; ಕೇಳಲು ಹಿತವಾಗಿತ್ತು.

ಶಂಕ್ರೆವ್ವನ ಆಡು ಚುಕ್ಕಿಯನ್ನು ಬಾಟಲಿ ಹಾಲು ಕುಡಿಸಿ ಬೆಳೆಸಿದವಳು ಮಗಳು ಸುವರ್ಣಾ. ಮದುವೆಯಾಗಿ ವಿಜಯಪುರದ ಜೋರಾಪುರ ಪೇಟೆ ಸೇರಿದ ಮೇಲೆ ಸುವರ್ಣಾ ತವರಿಗೆ ಬಂದೇ ಇಲ್ಲ. ಬಸ್ ಹತ್ತಿದರೆ ತಾಸಿನೊಳಗಿನ ದಾರಿ. ದಿನವೂ ಫೋನು ಮಾತ್ರ. "ಚುಕ್ಕಿ ಮರಿ ಹಾಕಿದ ದಿನಾ ಬರ್ತೀನವ್ವಾ." ಹಾಗಾಗಿ ಶಂಕ್ರೆವ್ವ ಗಬ್ಬಾದ ಚುಕ್ಕಿಯ ಹೊಟ್ಟೆ ನೋಡಿಯೇ ದಿನ ನೂಕುತ್ತಿದ್ದಳು.

ಆ ಚುಕ್ಕಿ ಮೇವು ಬಿಟ್ಟಿತು. ಚೇತನಕುಮಾರ ಬಂದು ಬಾಯಿ ಮೂಸಿದ. ಕಳಿತ ಹಣ್ಣಿನ ವಾಸನೆ. ಸುತ್ತ ಒಣದ್ರಾಕ್ಷಿ ಶೆಡ್ಡುಗಳು. ಊರಿಗೆ ಊರೇ ಹಾಗೆ ನಾರುವ ಕಾಲ.

"ಶೆಡ್ಡಿನ್ಯಾಗ ದ್ರಾಕ್ಷಿ ಮುಕ್ಕೈತ್ರಿ ಯವ್ವಾ. ಅಜೀರ್ಣ. ಒಂದ ದಿನಾ ಉಪಾಸ ಕೆಡವ್ರಿ."

"ಕಟ್ಟಿದ ಆಡು ಶೆಡ್ಡಿಗೆ ಯಾವಾಗ ಹೋತೋ ಯಪ್ಪಾ?"

"ಡಾಕ್ಟರ್ ನೀವೋ, ನಾನೋ?"

ಮರುದಿನ ಚುಕ್ಕಿ ಕುತ್ತಿಗೆ ತಿರುಚಿ ಮಲಗಿತು. ಬಬಲೇಶ್ವರಕ್ಕೆ ಹೋಗಿದ್ದ ನಿಜವಾದ ಡಾಕ್ಟರು ಫಯಾಜ ಓಡಿ ಬಂದರು.

"ಹೊಟ್ಟ್ಯಾಗ ಎರಡ ಮರಿ, ಮೇವಿಗೆ ಜಾಗಾನ ಇಲ್ಲ. ತಿಂದದ್ದು ಸಾಲದಿದ್ರ ಮೈಯಾಗಿನ ಕೊಬ್ಬು ಕರಗಿ ಲಿವರಿಗೆ ತುಂಬತೈತಿ. ಲಿವರಿಗೆ ಅದನ್ನ ಪೂರಾ ಸುಡಾಕ ಆಗಂಗಿಲ್ಲ. ಅದರ ವಾಸನಿ ಇದು. ಇಂಥಾದ್ರಾಗ ಉಪಾಸ ಕೆಡವಿದವರು ಯಾರು?"

"ನಾನ್ರಿ," ಎಂದ ಚೇತನಕುಮಾರ.

ಫಯಾಜ ಅವನನ್ನು ಬೈಯಲಿಲ್ಲ. ಶಂಕ್ರೆವ್ವನ ಕಡೆ ತಿರುಗಿದರು. "ಈಗ ಮರಿ ಇಳಿಸಿದ್ರ ತಾಯಿ ಉಳೀಬಹುದು. ದಿನಾ ತುಂಬಿಲ್ಲ, ಮರಿ ಬದುಕಂಗಿಲ್ಲ."

ಶಂಕ್ರೆವ್ವ ಬಹಳ ಹೊತ್ತು ಚುಕ್ಕಿಯ ಕಿವಿ ಸವರಿದಳು. "ತಾಯೀನ್ನ ಉಳಸ್ರಿ."

ಮರಿ ಇಳಿಸುವ ಇಂಜೆಕ್ಷನ್ ಆಯಿತು. ಚೇತನಕುಮಾರ ಎರಡು ದಿನ ಅಲ್ಲಿಯೇ ಕೂತು ಬೆಲ್ಲದ ನೀರು ಕುಡಿಸಿದ. ಸತ್ತು ಹುಟ್ಟಿದ ಎರಡು ಮರಿಗಳನ್ನು ಹಿತ್ತಲಲ್ಲಿ ಹೂತವನೂ ಅವನೇ. ನಾಲ್ಕನೆಯ ದಿನ ಚುಕ್ಕಿ ಜಾಲಿ ಸೊಪ್ಪಿಗೆ ಬಾಯಿ ಹಾಕಿತು. ಅಷ್ಟರಲ್ಲಿ ಸುವರ್ಣಾಳ ಫೋನು.

"ಮರಿ ಹಾಕೈತೇನವ್ವಾ?"

"ಇನ್ನೂ ಇಲ್ಲ ಬೇ. ದಿನಾ ಅದಾವ."

ಫೋನಿಟ್ಟು ಶಂಕ್ರೆವ್ವ ಚೇತನಕುಮಾರನ ಮುಖ ನೋಡದೆ ಕೇಳಿದಳು. "ಮತ್ತ ಗಬ್ಬಾಗಿ ಮರಿ ಹಾಕಾಕ ಎಷ್ಟ ತಿಂಗಳ ಬೇಕೋ?"

"ಇದು ಮೈ ಹಿಡೀಬೇಕ, ಆಮ್ಯಾಲೆ ಐದು ತಿಂಗಳು. ಒಂಬತ್ತ ತಿಂಗಳಾದ್ರೂ ಬೇಕ್ರಿ."

"ಅಲ್ಲೀತನಕಾ 'ಇನ್ನೂ ಇಲ್ಲ' ಅಂದ್ರ ನಂಬತಾಳೇನ?"