ಶಾವಿಗೆ ಮಣೆಯ ಗಿಟಾರು

ಶೈಲಶ್ರೀ ನಮ್ಮ ಮುಂದಿನ ಖೋಲಿಯನ್ನು ಬಾಡಿಗೆಗೆ ಕೇಳಲು ಬಂದ ದಿನ ನಳ ಎಲ್ಲಿದೆ, ಬಚ್ಚಲು ಎಲ್ಲಿದೆ ಎಂದು ಕೇಳಲಿಲ್ಲ. ಬೆರಳಿನ ಗೆಣ್ಣಿನಿಂದ ಬಾಗಿಲನ್ನು ಎರಡು ಸಲ ಬಡಿದಳು. ಕಿವಿ ಹಚ್ಚಿದಳು. ಮತ್ತೆ ಬಡಿದಳು.

“ಒಳಗ ಯಾರೂ ಇಲ್ಲ ತಂಗಿ, ಖಾಲಿ ಐತಿ,” ಎಂದೆ.

“ಗೊತ್ತೈತ್ರಿ ಅಜ್ಜಿ. ಕಟಗಿ ಏನಂತೈತಿ ಅಂತ ಕೇಳಾಕತ್ತೇನಿ.”

ನನ್ನ ಸೊಸೆ ಶೀಲಾ ಅಡುಗೆಮನೆಯಿಂದ ಇಣುಕಿ, “ಅತ್ತಿ, ಚೊಲೋ ಬಾಡಗಿಯಾಕಿ ಸಿಕ್ಕಳು ನೋಡ್ರಿ,” ಎಂದು ಸೆರಗಿನಲ್ಲಿ ನಕ್ಕಳು. ಅದು ಮೂರು ವರ್ಷದ ಹಿಂದಿನ ಮಾತು. ಈಗ ಅದೇ ಶೀಲಾ ಸಂತೆಯಲ್ಲಿ ಕುಂಬಳಕಾಯಿ ಆರಿಸುವಾಗಲೂ ಬಡಿದು ಕಿವಿ ಹಚ್ಚುತ್ತಾಳೆ.

ಹುಡುಗಿ ಹಿರೇಕೆರೂರು ಕಡೆಯ ಹಳ್ಳಿಯವಳು. ತಂದೆ ಹನುಮಂತಪ್ಪ ಗೋವಿನಜೋಳ ಬೆಳೆಯುವ ರೈತ. ಹತ್ತು ವರ್ಷದವಳಿದ್ದಾಗ ಅಪ್ಪನ ಮಂಚದ ಪಟ್ಟಿಗೆ ಎರಡು ಮೊಳೆ ಹೊಡೆದು, ಸೈಕಲ್ ಬ್ರೇಕಿನ ತಂತಿ ಬಿಗಿದು ಟಣ್ ಟಣ್ ಅನ್ನಿಸುತ್ತಿದ್ದಳಂತೆ. ಒಂದು ಮಧ್ಯಾಹ್ನ ಹನುಮಂತಪ್ಪ ಅಡ್ಡಾಗಲು ಹೋಗಿ ಮೊಳೆಗೆ ಅಂಗಿ ಹರಿದುಕೊಂಡ. ಬೈಯಲಿಲ್ಲ. ಮರುದಿನ ಹಾನಗಲ್ಲಿಗೆ ಕರೆದುಕೊಂಡು ಹೋಗಿ ಒಂದು ಗಿಟಾರು ಕೊಡಿಸಿದ. “ಅಂಗಿ ಉಳಿಸ್ಕೊಳ್ಳಾಕ ಕೊಡಿಸಿದ್ದು,” ಎಂದು ಈಗಲೂ ಹೇಳುತ್ತಾನೆ. ಉಳಿದದ್ದನ್ನೆಲ್ಲ ಅವಳು ಫೋನು ನೋಡಿ ಕಲಿತಳು.

ಬೆಳಿಗ್ಗೆ ನಮ್ಮ ಅಕ್ಕಿಆಲೂರಿನ ಅಕ್ಕಿ ಗಿರಣಿಯ ಕಚೇರಿಯಲ್ಲಿ ಕಂಪ್ಯೂಟರ್ ಕೆಲಸ. ಮುಹೂರ್ತ ಇದ್ದ ದಿನ ಸಂಜಯನ ಆರ್ಕೆಸ್ಟ್ರಾದಲ್ಲಿ ಗಿಟಾರು. ಶಿಗ್ಗಾವಿ, ಸವಣೂರು, ಹಾನಗಲ್ಲು, ಎಲ್ಲಿ ಮದುವೆಯೋ ಅಲ್ಲಿ. ನಿಂತು ಬಾರಿಸುತ್ತಾಳೆ, ನಿಂತು ಎಂದರೆ ಸುಮ್ಮನೆ ನಿಂತಲ್ಲ, ಹಿಂದೆ ಮುಂದೆ ಓಡಾಡಿ, ಕುಣಿದು. ಅದು ವಿದ್ಯುತ್ ಗಿಟಾರು. ಅದಕ್ಕೆ ಹೊಟ್ಟೆಯಲ್ಲಿ ತೂತಿಲ್ಲ, ಪೂರ್ತಿ ಗಟ್ಟಿ ಹಲಗೆ. ಟೊಳ್ಳಿಲ್ಲದ್ದು ಹೇಗೆ ನುಡಿಯುತ್ತದೆ ಎಂದು ನಾನು ಕೇಳಿದ್ದಕ್ಕೆ ತಂತಿಯ ಕೆಳಗಿನ ಸಣ್ಣ ಪಟ್ಟಿ ತೋರಿಸಿದ್ದಳು. ಪಿಕಪ್ ಅಂತೆ. ಅಯಸ್ಕಾಂತಕ್ಕೆ ಕೂದಲಿಗಿಂತ ಸಣ್ಣ ತಾಮ್ರದ ತಂತಿ ಸುತ್ತಿರುತ್ತಾರೆ. ಮೇಲಿನ ತಂತಿ ನಡುಗಿದ್ದನ್ನು ಅದು ಕೇಳಿಸಿಕೊಂಡು ಸ್ಪೀಕರಿಗೆ ಹೇಳುತ್ತದೆ. ಚಾಡಿ ಹೇಳುವ ನಾದಿನಿ ಇದ್ದಂತೆ ಎಂದು ತಿಳಿದುಕೊಂಡೆ.

ಹೋದ ದಸರೆಯ ಮುಂದೆ ಸ್ಕೂಟಿ ಜಾರಿ ಬಿದ್ದು ಅವಳ ಎಡ ಹೆಗಲಿನ ಎಲುಬು ಮುರಿಯಿತು. ಎಲುಬೇನೋ ಕೂಡಿತು. ಆದರೆ ಗಿಟಾರನ್ನು ಜೋತುಹಾಕುವ ಪಟ್ಟಿ ಕೂರುವುದು ಅದೇ ಹೆಗಲ ಮೇಲೆ. ಗಿಟಾರಿನ ತೂಕ ನಾಲ್ಕೂವರೆ ಕಿಲೋ. ಮೂರು ಕಿಲೋಗಿಂತ ಹೆಚ್ಚಿನದನ್ನು ಆ ಹೆಗಲಿಗೆ ಹಾಕಲೇಬಾರದು ಎಂದರು ಡಾಕ್ಟರು.

ಶಿಗ್ಗಾವಿಯ ಮದುವೆಯಲ್ಲಿ ಸಂಜಯ ಅವಳನ್ನು ಕುರ್ಚಿಯ ಮೇಲೆ ಕೂರಿಸಿದ. ಮೊದಲ ಹಾಡು ಮುಗಿಯುವುದರೊಳಗೆ ಒಬ್ಬಳು ಎಳನೀರು ತಂದು ಕೈಗಿಟ್ಟಳಂತೆ. ಎರಡನೆಯ ಹಾಡಿಗೆ ಬೀಗರ ಕಡೆಯ ಮುದುಕಿಯೊಬ್ಬಳು ಮಗ್ಗುಲಿಗೆ ಬಂದು, “ಎಷ್ಟ್ ತಿಂಗಳವಾ?” ಎಂದು ಕೇಳಿದಳಂತೆ.

ಮರುದಿನ ಸಂಜಯ ನಮ್ಮ ಕಟ್ಟೆಗೆ ಬಂದು ಕೂತ. ಒಳ್ಳೆಯ ಮನುಷ್ಯ, ಮಾತು ಮಾತ್ರ ಉಪ್ಪು ಹಾಕಿದ್ದು.

“ಶೈಲಾ, ನಿನ್ನ ಕೈ ಬಗ್ಗೆ ನನ್ನ ತಕರಾರಿಲ್ಲ. ಆದ್ರ ಬಾರಸಾಕಿ ಕುಂತ್ರ ಮಂದೀನೂ ಕುಂತ್ ಬಿಡ್ತಾರ, ಯಾರೂ ಕುಣಿಯಂಗಿಲ್ಲ. ಬಸವ ಜಯಂತಿ ಆದಮ್ಯಾಲ ಹಂಸಭಾವಿ ಮದುವಿ ಐತಿ. ಅವತ್ತು ನಿಂತ್ ಬಾರಿಸಿದಿ, ನೀ ನನ್ನ ಪಾರ್ಟಿಯಾಕಿ. ಆಗಲಿಲ್ಲಂದ್ರ ಬ್ಯಾರೆಯವರನ್ನ ಹಚ್ಕೊಂತೇನಿ. ಸಿಟ್ಟಾಗಬ್ಯಾಡ.”

ಅವಳು ಸಿಟ್ಟಾಗಲಿಲ್ಲ. ಅವನು ಹೋದ ಮೇಲೆ, “ಅಜ್ಜಿ, ಹೊಸಾದು ಮಾಡಿಸ್ತೇನಿ. ಹಗೂರಂದು,” ಎಂದಳು.

“ಯಾರು ಮಾಡ್ತಾರ?”

“ಗೌಸಸಾಬರು.”

ಗೌಸಸಾಬ ಪೇಟೆ ಓಣಿಯ ಬಡಿಗ. ಮಂಚ, ತೊಟ್ಟಿಲು, ಬಾಗಿಲ ಚೌಕಟ್ಟು ಅವನ ಕಸುಬು. ನನ್ನ ಮಕ್ಕಳ ತೊಟ್ಟಿಲು ಅವನ ಅಪ್ಪ ಮಾಡಿದ್ದು, ಮೊಮ್ಮಕ್ಕಳದು ಅವನು ಮಾಡಿದ್ದು. ಗಿಟಾರು ಮಾತ್ರ ಅವರ ಏಳು ತಲೆಮಾರಿನಲ್ಲಿ ಯಾರೂ ಮಾಡಿರಲಿಲ್ಲ. ಪರಿಚಯಕ್ಕೆ ಇರಲೆಂದು ನಾನೂ ಜೊತೆಗೆ ಹೋದೆ. ಅವಳು ಕಾಗದದಲ್ಲಿ ಕತ್ತರಿಸಿ ತಂದಿದ್ದ ಅಳತೆಯನ್ನು ನೋಡಿ ಗೌಸಸಾಬ ನೇರ ಒಂದು ತೇಗದ ಹಲಗೆ ಎಳೆದ.

“ಸಾಗವಾನಿ ಬಿಟ್ರ ಉಳದದ್ದು ಕಟಗೀನ ಅಲ್ರಿ. ನೂರು ವರ್ಷ ಬಾಳಿಕಿ.”

“ನಾನ ನೂರು ವರ್ಷ ಬಾಳಂಗಿಲ್ಲ ಚಾಚಾ. ಹಗೂರ ಬೇಕು.”

ಅಂಗಡಿಯ ಹಲಗೆಗಳನ್ನೆಲ್ಲ ಬಡಿಯುತ್ತ ಹೋದಳು. ಮತ್ತಿ ಕಲ್ಲಿನಂತೆ ಭಾರ. ಹೊನ್ನೆಯ ದನಿ ಚೆಂದ, ಅದೂ ಭಾರ. ಬೇವು ಮೂಕ. ಮೂಲೆಯಲ್ಲಿ ಬೆಣ್ಣೆ ಬಣ್ಣದ ಒಂದು ಹಲಗೆ ಒರಗಿತ್ತು. ಬಡಿದವಳು ಅಲ್ಲೇ ನಿಂತಳು.

“ಇದು?”

“ಶಿವಣಿ. ತೊಟ್ಟಲಕ್ಕ ಇಟ್ಟದ್ದು. ಬಿಡ್ರಿ ಅದನ್ನ, ಹೊಗಿ ಹಂಗ ಹಗೂರ.”

“ಹೊಗಿ ಹಂಗ ಇರೂದಾ ಬೇಕಾಗೇತಿ.”

ಗೌಸಸಾಬ ನನ್ನ ಕಡೆ ತಿರುಗಿದ. “ಅವ್ವಾರ, ನೀವರ ಹೇಳ್ರಿ. ತೊಟ್ಟಲದ ಕಟಗೀಲೆ ಬಾಜಾ ಮಾಡಿದ್ರ ಊರು ನಗತೈತಿ.”

“ತೊಟ್ಟಲದಾಗಿಂದ ಬರೂ ಬಾಜಾ ನೀ ಕೇಳಿಲ್ಲೇನು? ನನ್ನ ಮಗಂದು ಮೂರು ಓಣಿಗೆ ಕೇಳಸ್ತಿತ್ತು,” ಎಂದೆ.

ಗಿಟಾರಿನ ಮೈಗೆ ಶಿವಣಿ ಎಂದು ನಿಶ್ಚಯವಾಯಿತು. ತಂತಿಯ ಜಗ್ಗಾಟ ತಡೆಯಬೇಕಾದ ಕುತ್ತಿಗೆಗೆ ಮಾತ್ರ ಹಳೆಯ ಚೌಕಟ್ಟಿನ ತೇಗ ಎಂದು ಶೈಲಶ್ರೀ ಹೇಳಿದಾಗ ಗೌಸಸಾಬನ ಮುಖ ಅರಳಿತು, ಮರ್ಯಾದೆ ಉಳಿಯಿತಲ್ಲ.

ಆಮೇಲೆ ಬಿಡಿಭಾಗಗಳ ಪಾರ್ಸೆಲ್ ಒಂದೊಂದೇ ಬರತೊಡಗಿತು. ಶೀಲಾ ರವೆ ತೂಗುವ ಸಣ್ಣ ತಕ್ಕಡಿ ಶೈಲಶ್ರೀಯ ಖೋಲಿಗೆ ಹೋದದ್ದು ತಿರುಗಿ ಬರಲಿಲ್ಲ. ತಂತಿ ಬಿಗಿಯುವ ಆರು ಕಿವಿಗಳು ಎರಡು ತರಹ ಬಂದವು. ಒಂದು ಚಿನ್ನದ ಬಣ್ಣ, ಬೆನ್ನು ಮುಚ್ಚಿದ್ದು. ಇನ್ನೊಂದು ಬೆಳ್ಳಿ ಬಣ್ಣ, ಒಳಗಿನ ಚಕ್ರದ ಹಲ್ಲು ಕಾಣುವಂಥದ್ದು. ಶೀಲಾ ಚಿನ್ನದ್ದೇ ಚೆಂದ ಎಂದಳು. ಶೈಲಶ್ರೀ ತೂಗಿ, “ಈ ಬಂಗಾರ ನೂರು ಗ್ರಾಂ ಹೆಚ್ಚಿಗಿ ಐತಿ ಅಕ್ಕಾ,” ಎಂದು ತಿರುಗಿ ಕಳಿಸಿದಳು. ತಂತಿ ಕೂರುವ ಕುದುರೆಯಲ್ಲೂ ಹಾಗೆಯೇ. ಹಿಡಿಕೆ ಒತ್ತಿದರೆ ದನಿ ತೂಗಾಡುವ ಕುದುರೆ ಅವಳಿಗೆ ಬಹಳ ಇಷ್ಟ. ಅದಕ್ಕೆ ಹಿಂದೆ ಉಕ್ಕಿನ ಗಟ್ಟಿ, ಸ್ಪ್ರಿಂಗು, ಏನೇನೋ. ತೂಗಿದಳು, ನಿಟ್ಟುಸಿರು ಬಿಟ್ಟಳು, ಸಾದಾ ಪಟ್ಟಿಯ ಕುದುರೆ ಇಟ್ಟುಕೊಂಡಳು.

ಪಿಕಪ್ಪಿನ ವಿಷಯದಲ್ಲಿ ಮಾತ್ರ ಹದಿನೈದು ದಿನ ಒದ್ದಾಡಿದಳು. ಹಳೆಯ ಗಿಟಾರಿನಲ್ಲಿ ಒಂಟಿ ಸುರುಳಿಯವು ಮೂರು ಇದ್ದವು. ದನಿ ಗಾಜಿನ ಬಳೆಯಂತೆ. ಆದರೆ ಶೀಲಾ ಮಿಕ್ಸರ್ ಹಚ್ಚಿದರೆ ಸಾಕು, ಸ್ಪೀಕರು ಗುಂಯ್ ಎನ್ನುತ್ತಿತ್ತು. ಮದುವೆ ಮಂಟಪದ ಜನರೇಟರು, ಮಿಣಿಮಿಣಿ ದೀಪದ ಸರ, ಎಲ್ಲಕ್ಕೂ ಅದೇ ಗುಂಯ್. ಜೋಡಿ ಸುರುಳಿಯದು ಆ ಗುಂಯ್ಯನ್ನು ತನ್ನೊಳಗೇ ನುಂಗಿಬಿಡುತ್ತದಂತೆ. ದನಿ ಸ್ವಲ್ಪ ದಪ್ಪ, ತಾಮ್ರದ ಕೊಡ ಬಡಿದಂತೆ. ಕೊನೆಗೆ ಮೂರರ ಬದಲು ಜೋಡಿ ಸುರುಳಿಯದು ಒಂದೇ ಸಾಕು, ಕುದುರೆಯ ಹತ್ತಿರ, ಎಂದು ನಿರ್ಧರಿಸಿದಳು. ತೂಕವೂ ಇಳಿಯಿತು.

“ಮತ್ತ ಗಾಜಿನ ಬಳಿ?” ಎಂದೆ.

“ಇರ್ಲಿ ಬಿಡ್ರಿ ಅಜ್ಜಿ. ಕೊಡ ಹೊತ್ಕೊಂಡು ನಿಂತ್ರ ಸಾಕಾಗೇತಿ.”

ಉಳಿದದ್ದು ಬೆರಳು ಓಡುವ ಪಟ್ಟಿ. ಕುತ್ತಿಗೆಯ ಮೇಲೆ ಅಂಟಿಸುವ ಗಟ್ಟಿ ಕಪ್ಪು ಹಲಗೆ. ಅದಕ್ಕೆ ಬೀಟೆಯೇ ಆಗಬೇಕು. “ಈಗ ಎಲ್ಲಿಂದ ತರ್ಲಿ ಬೀಟಿ? ಪರವಾನಗಿ ಇಲ್ದ ಮುಟ್ಟಂಗಿಲ್ಲ,” ಎಂದು ಗೌಸಸಾಬ ಕೈ ಚೆಲ್ಲಿದ.

ನಮ್ಮ ಅಟ್ಟದ ಮೇಲೆ ನನ್ನ ಶಾವಿಗೆ ಮಣೆ ಇತ್ತು. ಹಂಸಭಾವಿಯ ನನ್ನ ತವರಿನಿಂದ ಮದುವೆಯ ಗಾಡಿಯಲ್ಲಿ ಬಂದದ್ದು, ಐದು ಅಡಿ ಉದ್ದದ ಅಖಂಡ ಬೀಟೆ. ಬೇಸಿಗೆ ಬಂತೆಂದರೆ ಅದರ ಒಂದು ತುದಿ ಮಂಚದ ಮೇಲೆ, ಇನ್ನೊಂದು ನೆಲದ ಮೇಲೆ. ಅತ್ತೆ ಮೇಲೆ ಕೂತು ಕಣಕ ಹೊಸೆದು ಕೆಳಗೆ ಬಿಡುವುದು, ನಾನು ಎಳೆ ಹಿಡಿದು ಓಡಿ ಕೋಲಿನ ಮೇಲೆ ಹಾಕುವುದು. ಎಳೆ ಹರಿದರೆ ಅತ್ತೆ, “ನಿಮ್ಮವ್ವ ಕೈ ಕೊಟ್ಟು ಕಳಿಸ್ಯಾಳೋ, ಕತ್ತರಿ ಕೊಟ್ಟೋ?” ಎನ್ನುತ್ತಿದ್ದಳು. ಈಗ ಎಲ್ಲರೂ ಮಷಿನ್ ಶಾವಿಗೆ ತರುತ್ತಾರೆ, ನಾವೂ ತರುತ್ತೇವೆ.

ಮಣೆ ಇಳಿಸಿ ಧೂಳು ಒರೆಸಿದೆ. ತವರಿನ ವಸ್ತು, ಒಣ ಮುಖದಲ್ಲಿ ಹೊರಗೆ ಕಳಿಸಬಾರದೆಂದು ಪ್ರತಿ ವರ್ಷ ಮಾಡುತ್ತಿದ್ದಂತೆ ಶೇಂಗಾ ಎಣ್ಣೆ ಹಚ್ಚಿ ತಿಕ್ಕಿದೆ. ಮುಖ ನೋಡಿಕೊಳ್ಳುವಷ್ಟು ಹೊಳೆಯಿತು. ಗೌಸಸಾಬ ಒಂದು ತುದಿಯಿಂದ ಬೇಕಾದಷ್ಟು ಕೊಯ್ದು, ಉಳಿದದ್ದನ್ನು ನನಗೇ ತಿರುಗಿ ಕೊಟ್ಟ.

ಮದುವೆಗೆ ಆರು ದಿನ ಇರುವಾಗ ಗಿಟಾರು ತಯಾರಾಯಿತು. ಎರಡು ಕಿಲೋ ಎಂಟುನೂರಾ ಇಪ್ಪತ್ತು ಗ್ರಾಂ. ಶೈಲಶ್ರೀ ಹೆಗಲಿಗೆ ಹಾಕಿಕೊಂಡು ನಮ್ಮ ಪಡಸಾಲೆಯಲ್ಲಿ ಒಂದು ಸುತ್ತು ಗಿರಕಿ ಹೊಡೆದಳು. ಆರೂ ತಂತಿ ಬಿಗಿದಿಟ್ಟು ಮಲಗಿದಳು.

ಬೆಳಿಗ್ಗೆ ನಾನು ಸವಣೂರಿನ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದೆ. ಅವಳು ಗಿಟಾರು ಹಿಡಿದು ಬಂದು, ನನ್ನ ತಟ್ಟೆಯಿಂದ ಒಂದು ಎಲೆ ತೆಗೆದುಕೊಂಡು, ಕುತ್ತಿಗೆಗೂ ಬೀಟೆ ಪಟ್ಟಿಗೂ ನಡುವೆ ತೂರಿಸಿ ತೋರಿಸಿದಳು. ಸರಾಗವಾಗಿ ಹೋಯಿತು.

ಅಂಗಡಿಗೆ ಒಯ್ದೆವು, ಗೌಸಸಾಬ ಪಟ್ಟಿಯನ್ನು ಕಿತ್ತ. ಕೀಳುವುದೇನು, ಅದೇ ಕೈಗೆ ಬಂತು. ಅಂಟು ಹಾಲಿನ ಕೆನೆಯಂತೆ ಮೇಲೆಯೇ ನಿಂತಿತ್ತು. “ಮೂವತ್ತು ವರ್ಷದಾಗ ನಾ ಹಚ್ಚಿದ ಅಂಟು ಬಿಟ್ಟಿಲ್ರಿ,” ಎನ್ನುತ್ತ ಮೂಗಿನ ಹತ್ತಿರ ಹಿಡಿದ. ಮತ್ತೊಮ್ಮೆ ಮೂಸಿದ.

“ಅವ್ವಾರ, ಇದಕ ಶೇಂಗಾ ವಾಸನಿ ಯಾಕ ಬರಾಕತ್ತೇತಿ?”

ಕಳಿಸುವ ಮುಂದೆ ಎಣ್ಣೆ ತಿಕ್ಕಿದ್ದನ್ನು ಹೇಳಿದೆ.

“ಯಾ ಅಲ್ಲಾ! ಎಣ್ಣಿ ನೀರು ಹಾಕಿ ಬಾಣಂತನ ಮಾಡಿ ಕಳಿಸೀರಿ! ಮೊನ್ನಿ ಹಚ್ಚಿದ್ದಷ್ಟ ಆಗಿದ್ರ ಉಜ್ಜುಗೊರಡಿಲೆ ಹೆರದ್ರ ಹೋಗತಿತ್ತು. ಇದು ಒಳಗ ಇಳದೈತಿ.”

“ಐವತ್ತು ವರ್ಷದ್ದಪಾ,” ಎಂದೆ. ಸುಳ್ಳು ಯಾಕೆ ಹೇಳಲಿ.

ಶೈಲಶ್ರೀ ಬಲಗೈಯಿಂದ ಎಡ ಹೆಗಲನ್ನು ಮೆಲ್ಲಗೆ ಒತ್ತಿಕೊಂಡಳು, ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು. ಇನ್ನೊಂದು ಬೀಟೆ ಇಲ್ಲ, ಇರುವುದು ಐದು ದಿನ.

ರೇಷ್ಮೆ ಸೀರೆಗೆ ಎಣ್ಣೆ ಬಿದ್ದರೆ ನಾವು ಏನು ಮಾಡುತ್ತೇವೆ? ಹಿಟ್ಟು ಉದುರಿಸಿ, ಮೇಲೆ ಕಾಗದ ಹಾಕಿ, ಬಿಸಿ ಇಸ್ತ್ರಿ ಒತ್ತುತ್ತೇವೆ. ಹಿಟ್ಟು ಎಣ್ಣೆ ಕುಡಿಯುತ್ತದೆ. “ತಾ ಇಲ್ಲೆ,” ಎಂದು ಪಟ್ಟಿಯನ್ನು ಮನೆಗೆ ತಂದೆ. ಜೋಳದ ಹಿಟ್ಟು, ಹಳೆ ಪೇಪರು, ಇಸ್ತ್ರಿ. ಮೊದಲ ಸಲ ಹಿಟ್ಟು ಹಳದಿಯಾಗಿ ಮುದ್ದೆಯಾಯಿತು. ಸಂಜೆಯವರೆಗೆ ಒಂಬತ್ತು ಸಲ ಒತ್ತಿದೆವು. ಓಣಿಯವರು ಏನು ಹುರಿಯುತ್ತಿದ್ದೀರಿ ಎಂದು ಕೇಳಿಕೊಂಡು ಬಂದರು. ಆದರೂ ಬೆರಳಿಗೆ ಸ್ವಲ್ಪ ಜಿಡ್ಡು.

ಆಗ ಶೀಲಾ ತನ್ನ ಉಗುರು ನೋಡಿಕೊಳ್ಳುತ್ತ, “ಅತ್ತಿ, ನೇಲ್ ಪಾಲಿಶ್ ತಗಿಯೂ ನೀರು ಐತಲ್ರಿ, ಅದು ಹಚ್ಚಿದ್ರ ಕೈ ಸುದ್ದಾ ಒಣಾ ಒಣಾ ಆಗತೈತಿ. ಎಣ್ಣೀನೂ ತಗೀತೈತೇನು?” ಎಂದಳು. ಅವಳ ಬಾಟಲಿ ಹೆಬ್ಬೆರಳಿನಷ್ಟು. ಸುರಿದು ಒರೆಸಿದರೆ ಅರಿವೆ ಕಂದಾಯಿತು, ಒರೆಸಿದ ಜಾಗ ಬೆಳ್ಳಗಾಯಿತು. ಪಟ್ಟಿ ಏನಾಯಿತೆಂದು ನೋಡಲು ಬಂದಿದ್ದ ಗೌಸಸಾಬ ಚಪ್ಪಲಿ ಮೆಟ್ಟಿ ಮಾಬೂಬಿಯ ಬಳೆ ಅಂಗಡಿಗೆ ಓಡಿದ.

“ಎಂಟು ಬಾಟ್ಲಿ ಕೊಡವಾ.”

ಮಾಬೂಬಿ ಅವನ ಬಿಳಿ ಗಡ್ಡ ನೋಡಿದಳಂತೆ. “ಚಾಚಾ, ನಿಮಗ ಎಷ್ಟು ಬೆರಳು ಅದಾವ?”

ಪಟ್ಟಿ ಎಲುಬಿನಂತೆ ಒಣಗಿದ ಮೇಲೆ ಗೌಸಸಾಬ ಹೊಸ ಅಂಟು ಹಚ್ಚಿ, ಮಂಚದ ನವಾರದಿಂದ ಸುತ್ತಿ, ಎರಡು ದಿನ ಯಾರೂ ಮುಟ್ಟದಂತೆ ಇಟ್ಟ. ಮದುವೆಯ ಹಿಂದಿನ ದಿನ ಅವಳು ತಂತಿ ಬಿಗಿದಳು. ನಾನು ಎಲೆ ತೂರಿಸಿ ನೋಡಿದೆ. ಹೋಗಲಿಲ್ಲ.

ಹಂಸಭಾವಿಯ ಮದುವೆ ನನ್ನ ತವರಿನ ಬಳಗದ್ದೇ. ಮುಂದಿನ ಸಾಲಿನಲ್ಲಿ ಜಾಗ ಕೊಟ್ಟಿದ್ದರು, ನನಗೆ ಕೂರಲಾಗಲಿಲ್ಲ. ವೇದಿಕೆಯ ಮಗ್ಗುಲಿನ ಕಂಬ ಹಿಡಿದು ನಿಂತೆ. ಸಂಜಯ ಸದ್ದಿಲ್ಲದೆ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಶೈಲಶ್ರೀಯ ಹಿಂದೆ ಇಟ್ಟ. ಜನರೇಟರ್ ಹೊಗೆ ಉಗುಳುತ್ತಿತ್ತು, ದೀಪದ ಸರ ಮಿಣುಕುತ್ತಿತ್ತು. ಸ್ಪೀಕರಿನಲ್ಲಿ ಗುಂಯ್ ಇಲ್ಲ. ಶುರುವಾಯಿತು.

ಯಾವ ಹಾಡು ಬಾರಿಸಿದರೋ ನನಗೆ ಗೊತ್ತಿಲ್ಲ. ನನ್ನ ಕಣ್ಣು ಆ ಕಪ್ಪು ಪಟ್ಟಿಯ ಮೇಲೆ. ಅವಳು ತಂತಿ ಜಗ್ಗಿದಾಗಲೆಲ್ಲ ನಾನು ಹಲ್ಲು ಕಚ್ಚುತ್ತಿದ್ದೆ. ಮೊದಲೆರಡು ಹಾಡಿಗೆ ಅವಳು ಕಂಬದಂತೆ ನಿಂತಿದ್ದಳು. ಮೂರನೆಯದಕ್ಕೆ ಒಂದು ಹೆಜ್ಜೆ ಮುಂದೆ ಬಂದಳು. ಐದನೆಯದಕ್ಕೆ ಗಿರಕಿ ಹೊಡೆದಳು. ಮದುಮಗನ ಸೋದರಮಾವ ಪೇಟ ತೆಗೆದು ಬೀಸುತ್ತ ಕುಣಿಯತೊಡಗಿದ. ನಡುವೆ ಶೈಲಶ್ರೀ ನನ್ನ ಹತ್ತಿರ ಬಗ್ಗಿ, “ಅಜ್ಜಿ, ಕೈ ಬೆವತ್ರ ಶಾವಿಗಿ ವಾಸನಿ ಬರತೈತ್ರಿ,” ಎಂದು ಹೇಳಿ ಮತ್ತೆ ಓಡಿದಳು.

ಎರಡೂವರೆ ತಾಸು ಆಯಿತು. ಸಂಜಯ ಕುರ್ಚಿ ನೋಡಿದ, ಅವಳನ್ನು ನೋಡಿದ. ಆಮೇಲೆ ಕುರ್ಚಿ ಎತ್ತಿಕೊಂಡು ಮೆಟ್ಟಿಲಿಳಿದು ನನ್ನ ಹತ್ತಿರ ತಂದಿಟ್ಟ.

“ಅಜ್ಜಿ, ಆಕೀಗಂತೂ ಇದು ಬ್ಯಾಡಾತು. ನಿಮ್ಮ ಕಾಲು ನಡಗಾಕತ್ತಾವ, ನೀವರ ಕುಂದ್ರಿ.”

ಕೂತೆ. ಆಮೇಲೆ ಹಾಡು ಕೇಳಿಸಿತು.