ನಮ್ಮ ಆಮೆ ಮೇಡಂ

ಅಳಿಯುತ್ತಿರುವ ಪ್ರಾಣಿಗಳು ನಮ್ಮ ನಂದಗುಡಿಯ ಹೊಲಗಳಲ್ಲಿ ಇನ್ನೂ ಉಳಿದಿವೆಯೇ ಎಂದು ನೋಡಲು ಒಬ್ಬ ವಿಜ್ಞಾನಿ ಮೇಡಂ ಬರುತ್ತಿದ್ದರು. ಯಾರು ಏನೇ ಹೇಳಲಿ, ಟೋಪಿ ಹಿಂದಕ್ಕೆ ತಳ್ಳಿ, “ನೋಡೇ ಬಿಡೋಣ” ಅನ್ನುವರು.

ಚಿತ್ರ ತೋರಿಸಿ ವಿಚಾರಿಸುವುದು ಅವರ ಪದ್ಧತಿ. ನಡುವೆ ನಮ್ಮ ದೇಶದಲ್ಲೇ ಇಲ್ಲದ ಒಂದು ಹಕ್ಕಿಯನ್ನೂ ಸೇರಿಸಿರುತ್ತಿದ್ದರು. ಅದನ್ನೂ ಕಂಡೆ ಅಂದವರ ಮಾತು ಲೆಕ್ಕಕ್ಕಿಲ್ಲ. ನಮ್ಮ ದೊಡ್ಡಮ್ಮ ಆ ಬಾಳೆಹಣ್ಣಿನಂಥ ಕೊಕ್ಕಿನ ಹಕ್ಕಿ ನೋಡಿ, “ಇದಾ? ನಿನ್ನೆ ಕೆರೆ ಏರಿ ಮೇಲೆ ಕೂತಿತ್ತಲ್ಲ!” ಅಂದುಬಿಟ್ಟಳು.

ನಾನು ತಲೆ ಚಚ್ಚಿಕೊಂಡೆ. “ಯಾಕ್ ದೊಡ್ಡಮ್ಮ ಸುಳ್ಳು ಹೇಳ್ತೀಯ?”

“ಪಾಪ, ಬಿಸಿಲಲ್ಲಿ ಬಂದೈತೆ ಮಗ. ಎಲ್ಲಾದ್ಕೂ ಇಲ್ಲ ಅಂತ ಹೆಂಗ್ಲಾ ಕಳ್ಸೋದು?” ಎಂದವಳು ಮೇಡಂ ಕಡೆ ತಿರುಗಿ, “ನಕ್ಷತ್ರದ ಆಮೆ ಮಾತ್ರ ನಮ್ಮ ಬದುವಲ್ಲಿ ದಿಟವಾಗ್ಲೂ ಐತೆ ತಾಯಿ!” ಅಂದಳು.

ಈ ಭಾಗದಲ್ಲಿ ಆ ಆಮೆ ಇಲ್ಲವಾಯಿತೆಂದು ಬರೆಯುವ ಹಂತಕ್ಕೆ ಬಂದಿದ್ದರು ಮೇಡಂ. ದೊಡ್ಡಮ್ಮನ ಮಾತು ನಂಬುವಂತಿಲ್ಲ, ಬಿಡಲು ಮನಸ್ಸೂ ಇಲ್ಲ. “ನೋಡೇ ಬಿಡೋಣ ನಡೀರಿ ಅಮ್ಮ” ಎಂದು ಎದ್ದರು.

ಬದುವಿನ ಪೊದೆಯ ಕೆಳಗೆ, ಚಿಪ್ಪಿನ ಮೇಲೆಲ್ಲ ಹಳದಿ ನಕ್ಷತ್ರಗಳಿದ್ದ ಅಂಗೈಯಗಲದ ಆಮೆ ಹುಲ್ಲು ಮೇಯುತ್ತಿತ್ತು. ಮೇಡಂ ಕೆಂಪು ಮಣ್ಣಿನಲ್ಲಿ ಬೋರಲು ಮಲಗಿ ಗಟ್ಟಿಯಾಗಿ ನಕ್ಕರು. ಆಮೆ ತಟ್ಟನೆ ತಲೆ ಒಳಗೆಳೆದುಕೊಂಡಿತು. ಅದು ಮತ್ತೆ ಹೊರಗೆ ಇಣುಕುವವರೆಗೂ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು, ಮೈಯೆಲ್ಲ ಕುಲುಕುತ್ತ, ಸದ್ದಿಲ್ಲದೆ ನಗುತ್ತಲೇ ಇದ್ದರು.