ಮೊದಲು ಬಡಿಸಿದ ಅನ್ನ

ಪದವಿ ಪರೀಕ್ಷೆಯಿದ್ದುದರಿಂದ ದೊಡ್ಡಪ್ಪನ ಮಗನ ಮದುವೆಗೆ ನಾನು ಹೋಗಿರಲಿಲ್ಲ. ಸಿಂಧನೂರಿನಿಂದ ಸೊಸೆಯಾಗಿ ಬಂದ ಶಿವರಂಜನಿ ಅತ್ತಿಗೆಯನ್ನು ಮೊದಲು ಕಂಡದ್ದು ಪಾಮನಕಲ್ಲೂರಿನ ಮನೆಯಲ್ಲಿ, ಯುಗಾದಿಯ ಪಂಕ್ತಿಯಲ್ಲಿ. ಹಸಿರು ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ತವರಿನ ರೂಢಿಯಂತೆ ನೆಂಟರ ತಾಟುಗಳಿಗೆ ಮೊದಲೇ ಅನ್ನ ಬಡಿಸಿಬಿಟ್ಟರು. ಜೋಳ ಉಣ್ಣುವ ನಮ್ಮಲ್ಲಿ ಅನ್ನ ಬಂತೆಂದರೆ ಊಟ ಮುಗಿಯಿತೆಂದೇ ಅರ್ಥ.

"ಹೋಳಿಗಿ ತೀರಿ ಹೋದ್ವೇನವಾ? ಇಷ್ಟ ಲಗೂನ ನಮ್ಮನ್ನ ಕಳಸಾಕತ್ತೀಯಲ್ಲ!" ಎಂದು ನೆಂಟರ ಅಜ್ಜಿಯೊಬ್ಬರು ಕೆಣಕಿದರು. ಎಲ್ಲರೂ ನಕ್ಕರು. ಮೊದಲ ಹಬ್ಬದಲ್ಲೇ ಮನೆಯ ಮಾನ ಕಳೆದೆನೆಂದು ಅತ್ತಿಗೆಯ ಕಣ್ಣು ತುಂಬಿತು.

ದೊಡ್ಡಪ್ಪ ಅನ್ನ ಕಲೆಸಿಕೊಳ್ಳುತ್ತ, "ನಕ್ಕವರಿಗೆ ಹೋಳಿಗಿ ಇಲ್ರೀ. ನೀ ನನಗ ಇನ್ನೊಂದೀಟು ಅನ್ನ ಹಾಕವಾ," ಎಂದರು. ನಗುತ್ತಲೇ ಎಲ್ಲರೂ ಅನ್ನಕ್ಕೆ ಕೈ ಹಾಕಿದರು.

ಅತ್ತಿಗೆ ಈಗ ಲಿಂಗಸುಗೂರಿನಲ್ಲಿ ಖಾನಾವಳಿ ನಡೆಸುತ್ತಾರೆ. ಅಲ್ಲಿ ಇಂದಿಗೂ ತಾಟಿಗೆ ಮೊದಲು ಬೀಳುವುದು ಅನ್ನವೇ.